ಈ ಮಾತು ಎಲ್ಲಿಂದ ಬಂತು? ಹೈಸ್ಕೂಲು ಮಕ್ಕಳಿಗೆ ಹುಡುಕಾಟ ಕಲಿಸುವ ಬಗೆ

ನಮ್ಮ ಹೈಸ್ಕೂಲುಗಳಲ್ಲಿ ಪ್ರಾಜೆಕ್ಟ್ ಹೇಗೆ ನಡೆಯುತ್ತದೆ ಎಂಬುದು ಮೇಷ್ಟ್ರಿಗೂ ಗೊತ್ತು, ಮನೆಯವರಿಗೂ ಗೊತ್ತು. 'ಜಲಮಾಲಿನ್ಯ' ಎಂದೋ 'ವಿಜಯನಗರ ಸಾಮ್ರಾಜ್ಯ' ಎಂದೋ ವಿಷಯ ಕೊಡುತ್ತೇವೆ. ಮಗು ಸೈಬರ್ ಸೆಂಟರಿಗೆ ಹೋಗುತ್ತದೆ. ಅಂಗಡಿಯವರೇ ಹುಡುಕಿ, ಬಣ್ಣದ ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿ ಕೈಗೆ ಕೊಡುತ್ತಾರೆ. ಈಗೀಗ ಅಂಗಡಿಗೂ ಹೋಗಬೇಕಿಲ್ಲ, ಮೊಬೈಲಿನ ಚಾಟ್‌ಬಾಟ್ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ. ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಸಿದ್ಧ ಉತ್ತರ ಇರುವ ಪ್ರಶ್ನೆ ಕೊಟ್ಟವರು ನಾವು, ಸಿದ್ಧ ಉತ್ತರ ತಂದುಕೊಟ್ಟದ್ದು ಅದು.

ಹುಡುಕಾಟ ಕಲಿಸಬೇಕಾದರೆ ಮೊದಲು ಪ್ರಶ್ನೆಯನ್ನು ಬದಲಾಯಿಸಬೇಕು. ಆಮೇಲೆ ಬರೆದ ಪ್ರತಿಯೊಂದು ವಾಕ್ಯಕ್ಕೂ 'ಈ ಮಾತು ಎಲ್ಲಿಂದ ಬಂತು?' ಎಂದು ಕೇಳುವ ರೂಢಿ ಬೆಳೆಸಬೇಕು. ಗೂಗಲ್, ಗ್ರಂಥಾಲಯ, ಶಾಸನ, ಪಹಣಿ ಇವೆಲ್ಲ ಆ ಒಂದು ರೂಢಿಗೆ ಒದಗುವ ಸಲಕರಣೆಗಳು. 8, 9ನೇ ತರಗತಿಯ ಮಕ್ಕಳೊಂದಿಗೆ ವಾರಕ್ಕೊಂದು ಪೀರಿಯಡ್‌ನಂತೆ ಆರು ವಾರದಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ವಿಷಯ: ನಮ್ಮೂರ ಕೆರೆ.

ಪ್ರಶ್ನೆ ಸಣ್ಣದಾಗಬೇಕು

ಕೆರೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಬಯಲುಸೀಮೆಯ ಹೆಚ್ಚಿನ ಊರುಗಳಿಗೆ ಒಂದಾದರೂ ಕೆರೆಯಿದೆ. ಅದರ ಬಗ್ಗೆ ಸರ್ಕಾರಿ ಕಾಗದವಿದೆ, ಹಿರಿಯರ ನೆನಪಿದೆ, ಕೆಲವು ಕಡೆ ಕಲ್ಲಿನ ಮೇಲೆ ಬರಹವೂ ಇದೆ, ಜಾಗವಂತೂ ಕಣ್ಣೆದುರಿಗೇ ಇದೆ. ಆದರೆ ಯಾವ ಜಾಲತಾಣದಲ್ಲೂ ಅದರ ಕಥೆ ಅಚ್ಚುಕಟ್ಟಾಗಿ ಬರೆದಿಟ್ಟಿಲ್ಲ. ಕರಾವಳಿಯವರು ಮದಗವನ್ನೋ ಕಟ್ಟವನ್ನೋ ತೆಗೆದುಕೊಳ್ಳಬಹುದು. ಬೆಂಗಳೂರಿನ ಶಾಲೆಗಾದರೆ ಮುಚ್ಚಿಹೋದ ಕೆರೆಯ ಜಾಡು ಹಿಡಿಯುವ ಕೆಲಸ ಚೆನ್ನಾಗಿ ಒಗ್ಗುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ.

ಮೊದಲ ಪೀರಿಯಡ್ ಪೂರ್ತಿ ಪ್ರಶ್ನೆಗೇ ಮೀಸಲು. ಮಕ್ಕಳು ಮೊದಲು ಬರೆಯುವುದು 'ನಮ್ಮೂರ ಕೆರೆಯ ಮಹತ್ವ' ಎಂದು. ಮಹತ್ವ, ಪ್ರಾಮುಖ್ಯ, ಪರಿಣಾಮ, ಪಾತ್ರ, ಈ ನಾಲ್ಕು ಪದಗಳನ್ನು ಬೋರ್ಡಿನ ಮೇಲೆ ಬರೆದು ಅಡ್ಡಗೆರೆ ಎಳೆಯಿರಿ. ಅವುಗಳ ಬದಲಿಗೆ ಯಾವಾಗ, ಎಷ್ಟು, ಯಾರು, ಎಲ್ಲಿ ಎಂಬ ಪದಗಳಿರುವ ಪ್ರಶ್ನೆ ಬರಬೇಕು. ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವ ವರ್ಷ? ಕಳೆದ ಐವತ್ತು ವರ್ಷಗಳಲ್ಲಿ ಎಷ್ಟು ಸಲ ಬಿದ್ದಿದೆ? ತೂಬು ಎತ್ತುವ ನೀರುಗಂಟಿ ಯಾವ ಮನೆಯವರಾಗಿದ್ದರು, ಈಗ ಆ ಕೆಲಸ ಯಾರದು? ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, ಎಷ್ಟು ಎಕರೆ, ಅದರಲ್ಲಿ ಈಗ ಭತ್ತ ನಾಟಿಯಾಗುವುದು ಎಷ್ಟು? ಏರಿಯ ಮೇಲಿನ ಕಲ್ಲಿನಲ್ಲಿ ಏನು ಬರೆದಿದೆ?

ಪ್ರಶ್ನೆಯನ್ನು ಒಪ್ಪಿಕೊಳ್ಳುವ ಮುನ್ನ ಮೂರು ಪರೀಕ್ಷೆ ಮಾಡಿ. ಗೂಗಲಿನ ಮೊದಲ ಪುಟದಲ್ಲೇ ಉತ್ತರ ಸಿಕ್ಕರೆ ಆ ಪ್ರಶ್ನೆ ಬೇಡ. ಕಾಗದ, ಮನುಷ್ಯ, ಜಾಗ, ಈ ಮೂರರಲ್ಲಿ ಕನಿಷ್ಠ ಎರಡರಿಂದ ಸುಳಿವು ಸಿಗುವಂತಿರಬೇಕು. ಆರು ವಾರದಲ್ಲಿ ಪೂರ್ತಿ ಉತ್ತರ ಸಿಗದಿದ್ದರೂ ಅರ್ಧವಾದರೂ ಸಿಗಬೇಕು. ನಾಲ್ಕು ಮಕ್ಕಳ ಗುಂಪಿಗೆ ಒಂದೇ ಪ್ರಶ್ನೆ ಸಾಕು, ಎರಡು ಗುಂಪಿಗೆ ಒಂದೇ ಪ್ರಶ್ನೆ ಬೇಡ. ಆರಕ್ಕಿಂತ ಹೆಚ್ಚು ಮಕ್ಕಳಿರುವ ಗುಂಪಿನಲ್ಲಿ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಚಾರ್ಟಿಗೆ ಬಣ್ಣ ಹಚ್ಚುತ್ತಾರೆ.

ಹುಡುಕಾಟದ ನೋಟ್‌ಬುಕ್ಕು

ಗುಂಪಿಗೊಂದು ಉದ್ದದ ನೋಟ್‌ಬುಕ್ಕು. ಪುಟದಲ್ಲಿ ಐದು ಕಂಬ: ತಾರೀಖು, ಎಲ್ಲಿ ಹುಡುಕಿದೆವು, ಯಾವ ಪದ ಹಾಕಿ ಹುಡುಕಿದೆವು ಅಥವಾ ಯಾವ ಪ್ರಶ್ನೆ ಕೇಳಿದೆವು, ಏನು ಸಿಕ್ಕಿತು, ಪುಟ ಸಂಖ್ಯೆ ಅಥವಾ ವಿಳಾಸ. ನಾಲ್ಕನೇ ಕಂಬದಲ್ಲಿ 'ಏನೂ ಸಿಗಲಿಲ್ಲ' ಎಂದು ಬರೆಯುವುದೂ ಕೆಲಸವೇ ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ. ಸಿಗದೇ ಇದ್ದದ್ದನ್ನು ಬರೆದಿಡದ ಗುಂಪು ಮೂರನೇ ವಾರದಲ್ಲಿ ಮತ್ತೆ ಅದೇ ಕಪಾಟಿನಲ್ಲಿ, ಅದೇ ಪದ ಹಾಕಿ ಹುಡುಕುತ್ತಿರುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಊರಿನ ಗುರುತು ಪೂರ್ತಿಯಾಗಿ ಇರಲಿ: ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, 2011ರ ಜನಗಣತಿಯ ಆರು ಅಂಕಿಯ ಗ್ರಾಮ ಸಂಕೇತ, ಕೆರೆಯ ಸರ್ವೆ ನಂಬರು. ಇದು ಬೇಡದ ಕೆಲಸದಂತೆ ಕಾಣುತ್ತದೆ. ಆದರೆ ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿ, ಎಷ್ಟು ರಾಮಪುರ, ಎಷ್ಟು ಹೊಸೂರು! ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇರುವುದೂ ಉಂಟು, ಅದಕ್ಕೇ ಊರ ಹೆಸರಿನ ಹಿಂದೆ ಕೆ., ಟಿ., ಬಿ. ಎಂಬ ಇನಿಷಿಯಲ್ ಹತ್ತಿಕೊಂಡಿರುತ್ತದೆ. ಗುರುತು ಸರಿಯಿಲ್ಲದಿದ್ದರೆ ಪಕ್ಕದ ಹೋಬಳಿಯ ಕೆರೆಯ ಅಂಕಿ ನಮ್ಮ ಕೆರೆಯ ಲೆಕ್ಕಕ್ಕೆ ಬಂದು ಕೂರುತ್ತದೆ, ಕೊನೆಯವರೆಗೂ ಯಾರಿಗೂ ತಿಳಿಯುವುದಿಲ್ಲ.

ಕನ್ನಡದಲ್ಲಿ ಹುಡುಕುವಾಗ ಬರುವ ತೊಡಕುಗಳು

ಹುಡುಕಾಟದ ಬಗ್ಗೆ ಸಿಗುವ ಪಾಠಗಳೆಲ್ಲ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕನ್ನಡಕ್ಕೆ ಅದರದೇ ತೊಡಕುಗಳಿವೆ, ಅವನ್ನು ಬೇರೆಯಾಗಿಯೇ ಕಲಿಸಬೇಕು.

ಮೊದಲನೆಯದು ವಿಭಕ್ತಿ. ಕೆರೆ, ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳ: ನಮಗೆ ಒಂದೇ ಪದ, ಯಂತ್ರಕ್ಕೆ ಹಲವು ಸಲ ಐದು ಬೇರೆ ಪದ. ಉದ್ಧರಣ ಚಿಹ್ನೆಯೊಳಗೆ 'ಸೂಳೆಕೆರೆ' ಎಂದು ಹಾಕಿದರೆ 'ಸೂಳೆಕೆರೆಯ' ಎಂದಿರುವ ಪುಟ ತಪ್ಪಿಹೋಗಬಹುದು. ಸಂಧಿಯಾದ ಪದ, ಬಿಡಿಸಿ ಬರೆದ ಪದ, ಎರಡನ್ನೂ ಹಾಕಿ ನೋಡಬೇಕು. ಚನ್ನಗಿರಿ ತಾಲ್ಲೂಕಿನ ಅದೇ ಕೆರೆಗೆ ಶಾಂತಿಸಾಗರ ಎಂಬ ಇನ್ನೊಂದು ಹೆಸರಿದೆ. ಒಂದೇ ಹೆಸರಿನಿಂದ ಹುಡುಕಿದವರಿಗೆ ಅರ್ಧವೇ ಸಿಗುತ್ತದೆ.

ಎರಡನೆಯದು ಊರ ಹೆಸರುಗಳು. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ವಿಜಯಪುರ, ಶಿವಮೊಗ್ಗ ಸೇರಿ 12 ನಗರಗಳ ಹೆಸರುಗಳನ್ನು ಸರ್ಕಾರ ಅಧಿಕೃತವಾಗಿ ಕನ್ನಡದ ಉಚ್ಚಾರಕ್ಕೆ ತಂದಿತು. ಅದಕ್ಕಿಂತ ಹಿಂದಿನ ಇಂಗ್ಲಿಷ್ ದಾಖಲೆಗಳಲ್ಲಿ ಬೆಲ್ಗಾಂ, ಗುಲ್ಬರ್ಗಾ, ಬಿಜಾಪುರ, ಶಿಮೋಗಾ ಎಂದೇ ಇರುತ್ತದೆ. ಇನ್ನೂ ಹಿಂದೆ ಹೋದರೆ ಚಿತ್ರದುರ್ಗ ಚಿತಲ್‌ಡ್ರೂಗ್ ಆಗುತ್ತದೆ, ಚಿಕ್ಕಮಗಳೂರು ಜಿಲ್ಲೆ ಕಡೂರು ಜಿಲ್ಲೆಯಾಗುತ್ತದೆ. ಗುಂಪಿನ ಮಕ್ಕಳು ತಮ್ಮ ಊರು, ತಾಲ್ಲೂಕು, ಜಿಲ್ಲೆಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯನ್ನು ನೋಟ್‌ಬುಕ್ಕಿನ ಎರಡನೇ ಪುಟದಲ್ಲಿ ಪಟ್ಟಿ ಮಾಡಲಿ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಇದೆ, ಆದರೆ ಎಷ್ಟೋ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ, ಹಾಕಿದವರಿಗೆ ತೋಚಿದ ಕಾಗುಣಿತದಲ್ಲಿದೆ. ಒಂದು ಕಾಗುಣಿತಕ್ಕೆ ಸಿಗಲಿಲ್ಲವೆಂದರೆ ಪುಸ್ತಕವೇ ಇಲ್ಲ ಎಂದಲ್ಲ.

ಮೂರನೆಯದು ಫಾಂಟು. ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಮಾಡಿದ ಸರ್ಕಾರಿ ಪಿಡಿಎಫ್‌ಗಳು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕನ್ನಡವಲ್ಲ. ಅಲ್ಲಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಹಾಕಿದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಅಂಥ ಕಡತವನ್ನು ಗೂಗಲ್ ಕನ್ನಡ ಪದಕ್ಕೆ ಸಾಮಾನ್ಯವಾಗಿ ತೋರಿಸುವುದಿಲ್ಲ. ಸ್ಕ್ಯಾನ್ ಮಾಡಿದ ಪುಟಗಳದ್ದೂ ಇದೇ ಪಾಡು. ಆದ್ದರಿಂದ ಇಲಾಖೆಯ ಜಾಲತಾಣಕ್ಕೆ ಹೋಗಿ, ಕಡತಗಳ ಪಟ್ಟಿ ತೆರೆದು, ಕಣ್ಣಿನಿಂದಲೇ ಹುಡುಕುವುದನ್ನು ಕಲಿಸಬೇಕು. ಸ್ಕ್ಯಾನ್ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ. ಒತ್ತಕ್ಷರಗಳಲ್ಲಿ, ಅಂಕಿಗಳಲ್ಲಿ ತಪ್ಪುತ್ತದೆ. ಅಂಕಿಯನ್ನು ಮೂಲದ ಚಿತ್ರ ನೋಡಿಯೇ ಬರೆದುಕೊಳ್ಳಬೇಕು. ಅಂದಹಾಗೆ, ಈಗಿನ ಮಕ್ಕಳಿಗೆ ಕನ್ನಡ ಅಂಕಿಗಳ ರೂಢಿ ಕಡಿಮೆ. ಹಳೆಯ ಪುಸ್ತಕ ಕೈಗೆ ಕೊಡುವ ಮುನ್ನ ಹತ್ತು ನಿಮಿಷ ಅವನ್ನು ಓದಿಸಿ, ೬ ಮತ್ತು ೯ನ್ನು ಅದಲುಬದಲು ಮಾಡುವವರು ಇದ್ದೇ ಇರುತ್ತಾರೆ.

ಯಾವ ಊರಿನ ಕಾಗದ ಯಾವ ಕಪಾಟಿನಲ್ಲಿ

'ಗೆಜೆಟಿಯರ್ (ಜಿಲ್ಲೆಯ ವಿವರಗಳಿರುವ ಸರ್ಕಾರಿ ಪುಸ್ತಕ) ನೋಡಿ' ಎಂದು ಹೇಳಿಬಿಟ್ಟರೆ ಸಾಲದು. 1956ಕ್ಕೆ ಮುಂಚೆ ನಮ್ಮ ಊರು ಯಾವ ಆಡಳಿತದಲ್ಲಿತ್ತು ಎಂಬುದರ ಮೇಲೆ ಕಪಾಟು ಬದಲಾಗುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡದ ಊರಾದರೆ ಮುಂಬಯಿ ಪ್ರಾಂತದ ಗೆಜೆಟಿಯರ್ ಸಂಪುಟಗಳು. ಇವು 1880ರ ದಶಕದವು, ಅದರಲ್ಲಿ ಆಗ ಉತ್ತರ ಕನ್ನಡದ ಹೆಸರು ಕ್ಯಾನರಾ ಎಂದಿದೆ. ಕಲಬುರಗಿ, ರಾಯಚೂರು, ಬೀದರ್ ಕಡೆ ನಿಜಾಮರ ಹೈದರಾಬಾದ್ ರಾಜ್ಯದ ದಾಖಲೆ. ದಕ್ಷಿಣ ಕನ್ನಡಕ್ಕೆ ಮದ್ರಾಸ್ ಪ್ರಾಂತದ್ದು. ಬಳ್ಳಾರಿಯೂ ಮದ್ರಾಸಿನಲ್ಲೇ ಇತ್ತು, ಅದರ ಬಹುಪಾಲು ತಾಲ್ಲೂಕುಗಳು 1953ರಲ್ಲೇ ಮೈಸೂರಿಗೆ ಬಂದವು. ಕೊಡಗಿನದು ಬೇರೆಯೇ ಸಾಲು. ಹಳೆ ಮೈಸೂರಿನ ಜಿಲ್ಲೆಗಳಿಗೆ ರೈಸ್ ಅವರದೂ, 1927ರಿಂದ 1930ರ ನಡುವೆ ಬಂದ ಹಯವದನರಾಯರದೂ ಮೈಸೂರು ಗೆಜೆಟಿಯರುಗಳಿವೆ. ಸಂಡೂರು, ಜಮಖಂಡಿ, ಮುಧೋಳದಂತೆ ಪುಟ್ಟ ಸಂಸ್ಥಾನಗಳಲ್ಲಿದ್ದ ಊರುಗಳ ಮಕ್ಕಳಿಗೆ ಹುಡುಕಾಟ ಕಷ್ಟ, ಅವರಿಗೆ ಒಂದು ವಾರ ಹೆಚ್ಚು ಕೊಡಿ.

ಜಿಲ್ಲೆಗಳೂ ಒಡೆದಿವೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿಯ ಮಕ್ಕಳು ಹಳೆಯ ಪುಸ್ತಕದಲ್ಲಿ ಶಿವಮೊಗ್ಗ ಜಿಲ್ಲೆಯನ್ನು ತೆರೆಯಬೇಕು, ಜಗಳೂರಿನವರು ಚಿತ್ರದುರ್ಗವನ್ನು, ಹರಪನಹಳ್ಳಿಯವರು ಬಳ್ಳಾರಿಯನ್ನು. ಈ ಸುಳಿವು ಗೊತ್ತಿಲ್ಲದ ಗುಂಪು 'ನಮ್ಮ ಜಿಲ್ಲೆಯ ಪುಸ್ತಕವೇ ಇಲ್ಲ' ಎಂದು ಕೈಚೆಲ್ಲಿ ಬರುತ್ತದೆ.

ಶಾಸನಗಳಿಗೆ ಹಳೆ ಮೈಸೂರಿನಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆ. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಶುರುಮಾಡಿ 12 ಸಂಪುಟ ತಂದರು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ: 'ಸೊರಬ 24' ಎಂದರೆ ಸೊರಬ ತಾಲ್ಲೂಕಿನ 24ನೆಯ ಶಾಸನ ಎಂದರ್ಥ. 1972ರಿಂದ ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಸಂಪುಟಗಳನ್ನು ತರತೊಡಗಿತು. ಅಲ್ಲಿ ಸಂಪುಟದ ಸಂಖ್ಯೆಯೂ ಶಾಸನದ ಸಂಖ್ಯೆಯೂ ಬದಲಾಗಿವೆ. ಹಾಗಾಗಿ ಸಂಖ್ಯೆ ಬರೆದುಕೊಳ್ಳುವಾಗ ಹಳೆಯ ಆವೃತ್ತಿಯೋ ಪರಿಷ್ಕೃತವೋ ಎಂಬುದನ್ನು ಬರೆಯದಿದ್ದರೆ ಆ ಸಂಖ್ಯೆಯಿಂದ ಯಾರಿಗೂ ಉಪಯೋಗವಿಲ್ಲ. ಬಳ್ಳಾರಿ, ಕೊಪ್ಪಳದ ಕಡೆಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳನ್ನು ನೋಡಲಿ.

ಶಾಸನದ ತೇದಿಯಲ್ಲಿ ಮಕ್ಕಳು ತಪ್ಪದೇ ಎಡವುತ್ತಾರೆ. ಶಕವರ್ಷ 1285 ಎಂದಿದ್ದರೆ ಅದನ್ನೇ ಕ್ರಿಸ್ತಶಕ ಎಂದು ಬರೆದುಬಿಡುತ್ತಾರೆ. 78 ಕೂಡಿಸಬೇಕು: 1363. ವರ್ಷ ಚೈತ್ರದಲ್ಲಿ ಶುರುವಾಗುವುದರಿಂದ ಮಾಘ, ಫಾಲ್ಗುಣದ ತೇದಿಗೆ ಸಾಮಾನ್ಯವಾಗಿ 79 ಬರುತ್ತದೆ. ಶಾಸನದಲ್ಲಿ ಪೂರ್ತಿ ಮುಗಿದ ವರ್ಷಗಳನ್ನಷ್ಟೇ ಎಣಿಸದೆ ಆಗ ನಡೆಯುತ್ತಿದ್ದ ವರ್ಷವನ್ನೂ ಎಣಿಸಿದ್ದರೆ ಕೂಡಿಸುವ ಸಂಖ್ಯೆ ಒಂದು ಕಡಿಮೆ. ಸಂವತ್ಸರದ ಹೆಸರೂ ಇದ್ದರೆ ಎರಡನ್ನೂ ತಾಳೆ ನೋಡಬಹುದು. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಪದಗಳು ಕೆರೆಯ ಶಾಸನಗಳಲ್ಲಿ ಬರುತ್ತವೆ, ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಕೊಟ್ಟ ಭೂಮಿ ಮತ್ತು ಪಾಲಿಗೆ ಸಂಬಂಧಪಟ್ಟವು. ಇವುಗಳ ಅರ್ಥಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ, 1894ರ ಕಿಟೆಲ್ ನಿಘಂಟು ಇದೆ. ನಿಘಂಟು ತೆರೆದು ಪದ ಹುಡುಕುವುದನ್ನೇ ಅರ್ಧ ಪೀರಿಯಡ್ ಮಾಡಿಸಿ. ಅಕಾರಾದಿ ಕ್ರಮ ಬಾಯಿಪಾಠ ಬರುವ ಮಕ್ಕಳು ಕೂಡ 'ಕ್ಷ' ಎಲ್ಲಿದೆ, 'ಕಂ' ಮೊದಲೋ 'ಕಕ' ಮೊದಲೋ ಎಂದು ನಿಂತುಬಿಡುತ್ತಾರೆ.

ಒಂದು ಪೀರಿಯಡ್‌ನಲ್ಲಿ ಮಾಡುವ ಅಭ್ಯಾಸ: ಬೆಂದಕಾಳೂರು

ಎರಡನೇ ವಾರ, ಮಕ್ಕಳು ಕೆರೆಯ ಕಡೆ ಹೊರಡುವ ಮುನ್ನ, ಎಲ್ಲರಿಗೂ ಗೊತ್ತಿರುವ ಒಂದು ಕಥೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆ ಜಾಗ ಬೆಂದಕಾಳೂರಾಯಿತು, ಮುಂದೆ ಬೆಂಗಳೂರಾಯಿತು. ಈ ಮಾತು ಎಲ್ಲಿಂದ ಬಂತು? ಹತ್ತು ನಿಮಿಷ ಮೊಬೈಲಿನಲ್ಲೋ ಲ್ಯಾಬಿನಲ್ಲೋ ಹುಡುಕಲಿ. ಇಪ್ಪತ್ತು ಪುಟ ಸಿಗುತ್ತವೆ, ಇಪ್ಪತ್ತರಲ್ಲೂ ಅದೇ ಕಥೆ. ಇಲ್ಲಿ ನಿಲ್ಲಿಸಿ ಕೇಳಿ: ಇವು ಇಪ್ಪತ್ತು ಸಾಕ್ಷಿಗಳೋ, ಒಂದೇ ಸಾಕ್ಷಿಯ ಇಪ್ಪತ್ತು ನಕಲುಗಳೋ? ಪದಕ್ಕೆ ಪದ ಹೋಲುವ ವಾಕ್ಯಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಸಿದರೆ ಉತ್ತರ ಅವರಿಗೇ ಹೊಳೆಯುತ್ತದೆ.

ಆಮೇಲೆ ಬೇಗೂರಿನ ವೀರಗಲ್ಲಿನ ವಿಷಯಕ್ಕೆ ಬನ್ನಿ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಕಲ್ಲೊಂದಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಕಥೆಯ ವೀರಬಲ್ಲಾಳ, ಅಂದರೆ ಇಮ್ಮಡಿ ಬಲ್ಲಾಳ, ಆಳಿದ್ದು 1173ರಿಂದ 1220ರವರೆಗೆ. ಎರಡು ತೇದಿಗಳನ್ನು ಪಕ್ಕಪಕ್ಕ ಬರೆದು ಕಳೆಯಲು ಹೇಳಿ. ಬಲ್ಲಾಳ ಪಟ್ಟಕ್ಕೆ ಬರುವುದಕ್ಕೆ 280 ವರ್ಷಕ್ಕೂ ಹಿಂದೆಯೇ ಆ ಹೆಸರಿತ್ತು. ಕಥೆ ಸುಂದರವಾಗಿದೆ, ಅದನ್ನು ಹೇಳುತ್ತ ಬಂದವರ ಬಗ್ಗೆ ತಿಳಿಯಲು ಅದು ಬೆಲೆಯುಳ್ಳದ್ದೇ. ಆದರೆ ಹೆಸರು ಹುಟ್ಟಿದ ಬಗೆಗೆ ಅದು ಸಾಕ್ಷಿಯಾಗಲಾರದು. ಕಲ್ಲು ಹೆಸರಿನ ಅರ್ಥವನ್ನು ಹೇಳುವುದಿಲ್ಲ ಎಂಬುದನ್ನೂ ಮಕ್ಕಳು ಗಮನಿಸಬೇಕು. ಒಂದು ಸಾಕ್ಷಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಎರಡು ಸಾಲು ಬರೆಸುವುದು ಈ ಪೀರಿಯಡ್‌ನ ಮುಖ್ಯ ಕೆಲಸ.

ಸಮಯ ಸಿಕ್ಕರೆ 'ಕನ್ನಡದ ಮೊದಲ ಶಾಸನ ಯಾವುದು' ಎಂಬ ಪ್ರಶ್ನೆಯನ್ನೂ ಹೀಗೇ ಬಳಸಬಹುದು. ಸುಮಾರು ಕ್ರಿ.ಶ. 450ರದೆನ್ನುವ ಹಲ್ಮಿಡಿ ಎಂದು ಹಳೆಯ ಪುಸ್ತಕ ಹೇಳುತ್ತದೆ, ಈಚಿನ ಬರಹಗಳು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಹೆಸರಿಸುತ್ತವೆ. ಪುಸ್ತಕ ಅಚ್ಚಾದ ವರ್ಷ ನೋಡುವುದು ಏಕೆ ಮುಖ್ಯ ಎಂದು ಬೇರೆ ಹೇಳಬೇಕಾಗುವುದಿಲ್ಲ.

ಪುಟವನ್ನು ಬಿಟ್ಟು ಹೊರಗೆ ಬರುವುದು

ಜಾಲತಾಣವನ್ನು ನಂಬಬಹುದೇ ಎಂದು ಅಳೆಯಲು ಹಿಂದೆ ದೊಡ್ಡ ಪಟ್ಟಿ ಕೊಡುತ್ತಿದ್ದೆವು: ಲೇಖಕರ ಹೆಸರಿದೆಯೇ, ತಾರೀಖಿದೆಯೇ, ವಿನ್ಯಾಸ ಚೆನ್ನಾಗಿದೆಯೇ. ಈ ಪಟ್ಟಿ ಸಾಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಕೂರಿಸಿ ನೋಡಿದರು: 10 ಇತಿಹಾಸಕಾರರು, 10 ಸತ್ಯಶೋಧಕ ಪತ್ರಕರ್ತರು, 25 ವಿದ್ಯಾರ್ಥಿಗಳು. ಓದಿಕೊಂಡ ಇತಿಹಾಸಕಾರರಲ್ಲೂ ಹಲವರು ಪುಟದ ಅಂದ, ಲಾಂಛನ, ವಿಳಾಸ ನೋಡಿ ಮೋಸಹೋದರು. ಪತ್ರಕರ್ತರು ಪುಟವನ್ನು ಪೂರ್ತಿ ಓದುವ ಗೋಜಿಗೇ ಹೋಗದೆ, ಹೊಸ ಟ್ಯಾಬ್ ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆ ಎಂದು ನೋಡಿದರು. ಬೇಗನೆ ಸರಿಯಾದ ತೀರ್ಮಾನಕ್ಕೆ ಬಂದರು. ಜಾಲದ ಮಾಹಿತಿಯನ್ನು ಪರಿಶೀಲಿಸುವುದನ್ನು ಕಲಿಸುವ ಮೈಕ್ ಕಾಲ್‌ಫೀಲ್ಡ್ ಇದನ್ನೇ ನಾಲ್ಕು ಹೆಜ್ಜೆ ಮಾಡಿ ಕಲಿಸುತ್ತಾರೆ. ಕನ್ನಡದಲ್ಲಿ ಹೀಗೆ ಹೇಳಿಕೊಡಬಹುದು: ನಿಲ್ಲು, ಹೇಳಿದವರು ಯಾರು ನೋಡು, ಬೇರೆಯವರು ಏನಂದರು ನೋಡು, ಮೂಲಕ್ಕೆ ಹೋಗು.

ಅಭ್ಯಾಸಕ್ಕೆ ವಾಟ್ಸ್ಯಾಪಿನಲ್ಲಿ ಬಂದ ಸಂದೇಶಗಳೇ ಸಾಕು. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಎಂಬ ಸುದ್ದಿ ಹರಿದಾಡಿತಲ್ಲ, ಅದನ್ನು ಕೊಡಿ. ಮೂಲ ಎಂದರೆ ಇಲ್ಲಿ ರಿಸರ್ವ್ ಬ್ಯಾಂಕಿನ ಪ್ರಕಟಣೆ. ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಚಿಪ್ ಇಲ್ಲ. ಮೂರು ನಿಮಿಷದ ಕೆಲಸ.

ವಿಕಿಪೀಡಿಯ ಮುಟ್ಟಬೇಡಿ ಎನ್ನುವ ಮೇಷ್ಟ್ರುಗಳಿದ್ದಾರೆ. ಅದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಲೇಖನದ ಕೊನೆಯ ಉಲ್ಲೇಖಗಳಿಂದ ಶುರುಮಾಡಿ, ಅಲ್ಲಿಂದ ಮೂಲಕ್ಕೆ ಹೋಗಲು ಕಲಿಸಿ. ಉಲ್ಲೇಖವೇ ಇಲ್ಲದ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಬಾರದು ಎಂಬ ಒಂದೇ ನಿಯಮ ಇರಲಿ. ಇತಿಹಾಸದ ಟ್ಯಾಬ್ ತೆರೆದು ಯಾರು, ಯಾವಾಗ, ಏನು ಬದಲಾಯಿಸಿದರು ಎಂದು ತೋರಿಸಿದರೆ ಮಕ್ಕಳ ಕಣ್ಣು ಅರಳುತ್ತದೆ.

ಚಾಟ್‌ಬಾಟ್ ವಿಷಯದಲ್ಲಿ ನಿಷೇಧಕ್ಕಿಂತ ಪರೀಕ್ಷೆ ಒಳ್ಳೆಯದು. 'ನಮ್ಮೂರ ಕೆರೆಯ ಬಗ್ಗೆ ಯಾವ ಶಾಸನವಿದೆ, ಸಂಪುಟ ಮತ್ತು ಸಂಖ್ಯೆ ಕೊಡು' ಎಂದು ಕೇಳಲಿ. ಕೊಟ್ಟ ಸಂಖ್ಯೆಯನ್ನು ಇಂಟರ್‌ನೆಟ್ ಆರ್ಕೈವ್‌ನ ಸ್ಕ್ಯಾನ್ ತೆರೆದು ನೋಡಲಿ. ಆ ಸಂಖ್ಯೆಯಲ್ಲಿ ಬೇರಾವುದೋ ಊರಿನ ದಾನಶಾಸನ ಇರಬಹುದು, ಅಂಥ ಸಂಖ್ಯೆಯೇ ಇಲ್ಲದಿರಬಹುದು. ಈ ಯಂತ್ರಗಳು ಪದದ ಮುಂದೆ ಯಾವ ಪದ ಬರಬಹುದು ಎಂಬ ಅಂದಾಜಿನಲ್ಲಿ ವಾಕ್ಯ ಕಟ್ಟುತ್ತವೆ, ಹಾಗಾಗಿ ಸಂಖ್ಯೆಯ ಆಕಾರ ಸರಿಯಿರುತ್ತದೆ, ಸಂಖ್ಯೆ ಸರಿಯಿರುವ ಖಾತ್ರಿ ಇರುವುದಿಲ್ಲ. ಸಿಕ್ಕಿದ್ದೇ ಸರಿಯಾಗಿದ್ದರೂ ಒಳ್ಳೆಯದೇ, ಮಗು ಮೂಲ ನೋಡಿ ಖಚಿತ ಮಾಡಿಕೊಂಡಿತಲ್ಲ.

ಅಂಕಿಗಳು ಒಂದಕ್ಕೊಂದು ಹೊಂದದಿದ್ದಾಗ

ನನಗೆ ಬಹಳ ಇಷ್ಟವಾದ ಹಂತ ಇದು. ಕೆರೆ ಎಷ್ಟು ದೊಡ್ಡದು? ಪಹಣಿ ಒಂದು ಹೇಳುತ್ತದೆ, ಜನಗಣತಿ ಕೈಪಿಡಿಯ ಗ್ರಾಮ ಮಾಹಿತಿ ಇನ್ನೊಂದು, ಗೂಗಲ್ ಅರ್ಥ್‌ನಲ್ಲಿ ಅಳೆದರೆ ಮತ್ತೊಂದು, ಹಿರಿಯರನ್ನು ಕೇಳಿದರೆ ಬೇರೆಯೇ. ಮಕ್ಕಳು ಗಾಬರಿಯಾಗಿ 'ಯಾವುದು ಸರಿ ಸಾರ್?' ಎನ್ನುತ್ತಾರೆ. ಯಾವುದು ಏನನ್ನು ಅಳೆಯುತ್ತದೆ ಎಂದು ತಿರುಗಿ ಕೇಳಿ.

ಪಹಣಿಯಲ್ಲಿ 2-20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಅದು ಎರಡೂವರೆ ಎಕರೆ. ಕ್ಯಾಲ್ಕ್ಯುಲೇಟರಿಗೆ 2.20 ಎಂದು ಹಾಕಿದ ಗುಂಪಿನ ಲೆಕ್ಕವೆಲ್ಲ ಅಲ್ಲಿಂದಲೇ ಕೆಡುತ್ತದೆ. ಜನಗಣತಿಯ ಅಂಕಿ ಹೆಕ್ಟೇರಿನಲ್ಲಿದೆ, ಒಂದು ಹೆಕ್ಟೇರಿಗೆ 2.47 ಎಕರೆ. ಅದರ ಜೊತೆಗೆ ಅಲ್ಲಿರುವುದು ಕೆರೆಯ ವಿಸ್ತಾರವಲ್ಲ, ಕೆರೆಯಿಂದ ನೀರುಣ್ಣುವ ಜಮೀನಿನ ವಿಸ್ತಾರ. ಪಹಣಿಯದು ಕೆರೆಗೆಂದು ಗುರುತಾದ ಇಡೀ ಸರ್ವೆ ನಂಬರಿನ ವಿಸ್ತಾರ. ಉಪಗ್ರಹದ ಚಿತ್ರ ಯಾವ ತಿಂಗಳಿನದೋ ಆ ತಿಂಗಳು ನಿಂತ ನೀರಿನ ಅಳತೆ, ಮಾರ್ಚಿನ ಚಿತ್ರಕ್ಕೂ ನವೆಂಬರಿನ ಚಿತ್ರಕ್ಕೂ ಅಜಗಜಾಂತರ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಕ್ಕೆ ಹೋಗಿ ಚಿತ್ರದ ತಾರೀಖನ್ನು ಬರೆದುಕೊಳ್ಳಲೇಬೇಕು.

ಇಲ್ಲೊಂದು ಎಚ್ಚರಿಕೆ. ಎರಡು ಅಂಕಿಗಳ ವ್ಯತ್ಯಾಸ ಕಂಡ ಕೂಡಲೇ ಮಕ್ಕಳು 'ಇಷ್ಟು ಎಕರೆ ಒತ್ತುವರಿಯಾಗಿದೆ' ಎಂದು ಬರೆಯುತ್ತಾರೆ, ಯಾರದೋ ಹೆಸರನ್ನೂ ಸೇರಿಸುತ್ತಾರೆ. ಮೊಬೈಲಿನ ಅಳತೆಯಿಂದ ಒತ್ತುವರಿ ಸಿದ್ಧವಾಗುವುದಿಲ್ಲ, ಅದಕ್ಕೆ ಸರ್ವೆಯರ್ ಬಂದು ಗಡಿ ಗುರುತಿಸಬೇಕು. 'ದಾಖಲೆಯಲ್ಲಿ ಇಷ್ಟು, ಈ ತಾರೀಖಿನ ಚಿತ್ರದಲ್ಲಿ ನೀರು ಇಷ್ಟು' ಎಂದು ನಿಲ್ಲಿಸುವುದನ್ನು ಕಲಿಸುವುದು ಕಷ್ಟ, ಆದರೆ ಕಲಿಸಲೇಬೇಕು. ಕಾಗದ ಬೇಕೆಂದು ಮಾಹಿತಿ ಹಕ್ಕಿನ ಅರ್ಜಿ ಹಾಕುವುದಿದ್ದರೆ ಮೊದಲ ವಾರವೇ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಅವಧಿ ಇದೆ.

ಕೆರೆಗೆ ಮಕ್ಕಳನ್ನು ಒಬ್ಬಂಟಿಯಾಗಿ ಕಳಿಸಬೇಡಿ. ಮಣ್ಣೆತ್ತಿದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಏರಿಯ ಮೇಲಷ್ಟೇ ಓಡಾಟ, ಜೊತೆಯಲ್ಲಿ ಈಜು ಬಲ್ಲ ಹಿರಿಯರು ಇರಲೇಬೇಕು.

ಹಿರಿಯರನ್ನು ಕೇಳುವುದು

'ಅಜ್ಜ, ಕೆರೆ ಯಾವ ವರ್ಷ ಕೋಡಿ ಬಿತ್ತು?' ಎಂದು ಕೇಳಿದರೆ 'ಆಗ ಬಿತ್ತಪ್ಪ, ನಾನು ಚಿಕ್ಕವನಿದ್ದಾಗ' ಎಂಬ ಉತ್ತರ ಬರುತ್ತದೆ. ಇಸವಿ ಕೇಳಬಾರದು, ಗೂಟ ಹುಡುಕಬೇಕು. ನಿಮ್ಮ ಮದುವೆಗೆ ಮುಂಚೆಯೋ ಆಮೇಲೋ? ಊರಿಗೆ ಕರೆಂಟ್ ಬಂದಿತ್ತೇ? ಇಂದಿರಾ ಗಾಂಧಿ ತೀರಿಕೊಂಡ ವರ್ಷಕ್ಕೆ ಹಿಂದೆಯೋ ಮುಂದೆಯೋ? ಕೊನೆಯದರ ತಾರೀಖು ನಮಗೆ ಗೊತ್ತು, 1984ರ ಅಕ್ಟೋಬರ್ 31. ಹೀಗೆ ಎರಡು ಗೂಟಗಳ ನಡುವೆ ಹಿಡಿದರೆ ನಾಲ್ಕೈದು ವರ್ಷದ ಅಂತರಕ್ಕೆ ತರಬಹುದು. ಆಮೇಲೆ ತಾಲ್ಲೂಕಿನ ಮಳೆ ಅಂಕಿಗಳನ್ನು ನೋಡಿ ತಾಳೆ ಹಾಕಬಹುದು. ಈಚಿನ ವರ್ಷಗಳಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಮಳೆ ವಿವರ ಸಿಗುತ್ತದೆ.

ಇಬ್ಬರನ್ನು ಒಟ್ಟಿಗೆ ಕೂರಿಸಿ ಕೇಳಬೇಡಿ, ಗಟ್ಟಿಯಾಗಿ ಮಾತಾಡುವವರ ನೆನಪೇ ಇಬ್ಬರದೂ ಆಗುತ್ತದೆ. ಅಜ್ಜಿಯಂದಿರನ್ನು ಬೇರೆಯಾಗಿ ಕೇಳಿ, ನೀರು ಹೊತ್ತವರು ಅವರು. ಕೆಳಗಿನ ಅಚ್ಚುಕಟ್ಟಿನವರನ್ನೂ ಮೇಲಿನವರನ್ನೂ ಕೇಳಿ, ನೀರಿನ ಸರದಿಯ ಬಗ್ಗೆ ಇಬ್ಬರ ಮಾತು ಒಂದೇ ಆಗಿರುವುದು ಅಪರೂಪ. ಹೆಸರು ಬರೆಯಬಹುದೇ ಎಂದು ಮೊದಲೇ ಕೇಳಬೇಕು, ಬೇಡವೆಂದರೆ 'ಅಚ್ಚುಕಟ್ಟಿನ ರೈತರು, ಸುಮಾರು 70 ವಯಸ್ಸು' ಎಂದಷ್ಟೇ ಬರೆದರೆ ಸಾಕು.

ಬರೆಯುವುದು, ಅಂಕ ಕೊಡುವುದು

ನಕಲು ತಪ್ಪಿಸಲು ಒಂದು ಹಳೆಯ ಉಪಾಯ ಈಗಲೂ ಕೆಲಸ ಮಾಡುತ್ತದೆ. ಪೋಸ್ಟ್‌ಕಾರ್ಡ್ ಅಳತೆಯ ಚೀಟಿಗಳು, ಒಂದು ಚೀಟಿಗೆ ಒಂದೇ ಸಂಗತಿ. ಓದಬೇಕು, ಪುಸ್ತಕ ಮುಚ್ಚಬೇಕು, ಸ್ವಂತ ಮಾತಿನಲ್ಲಿ ಬರೆಯಬೇಕು, ಆಮೇಲೆ ಪುಸ್ತಕ ತೆರೆದು ಅಂಕಿ ಮತ್ತು ಹೆಸರು ಸರಿಯೇ ನೋಡಬೇಕು. ಚೀಟಿಯ ಹಿಂದೆ ಮೂಲ: ಪುಸ್ತಕವಾದರೆ ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ, ಜಾಲತಾಣವಾದರೆ ನೋಡಿದ ತಾರೀಖೂ ಸೇರಿ, ಮಾತಾದರೆ ಯಾರು, ಎಂದು, ಎಲ್ಲಿ. ಮೂಲವಿಲ್ಲದ ಚೀಟಿಯನ್ನು ಬಳಸುವಂತಿಲ್ಲ. ಮೂಲದ ವಾಕ್ಯವನ್ನೇ ಬಳಸಬೇಕೆನಿಸಿದರೆ ಉದ್ಧರಣ ಚಿಹ್ನೆಯೊಳಗೆ ಹಾಕಲಿ. ಐದನೇ ವಾರ ಚೀಟಿಗಳನ್ನು ನೆಲದ ಮೇಲೆ ಹರಡಿ, ಸಾಲು ಮಾಡಿ, ಅದರಿಂದಲೇ ನಾಲ್ಕು ಪುಟ ಬರೆಯಲು ಹೇಳಿ. ಅದಕ್ಕಿಂತ ಹೆಚ್ಚು ಬೇಡ.

ಅಂಕವನ್ನು ಎಲ್ಲಿ ಇಡುತ್ತೇವೋ ಮಕ್ಕಳ ಶ್ರಮ ಅಲ್ಲಿಗೆ ಹರಿಯುತ್ತದೆ. 20 ಅಂಕವಾದರೆ ನೋಟ್‌ಬುಕ್ಕಿಗೆ 8, ಹೊಂದದ ಮೂಲಗಳನ್ನು ಹೋಲಿಸಿ ನೋಡಿದ್ದಕ್ಕೆ 5, ಬರವಣಿಗೆಗೆ 4, ಬಾಯಿಮಾತಿನ ಪ್ರಶ್ನೆಗೆ 3. ಬೈಂಡಿಂಗ್‌ಗೆ, ಬಣ್ಣಕ್ಕೆ ಏನೂ ಇಲ್ಲ. ಬಾಯಿಮಾತಿನಲ್ಲಿ ಕೇಳುವುದು ಒಂದೇ: ಮಗು ಬರೆದ ಯಾವುದಾದರೂ ಮೂರು ವಾಕ್ಯದ ಮೇಲೆ ಬೆರಳಿಟ್ಟು, ಇದು ಎಲ್ಲಿಂದ ಬಂತು? ಮಗು ನೋಟ್‌ಬುಕ್ಕಿನ ಪುಟ ತಿರುಗಿಸಿ ತೋರಿಸಿದರೆ ಪೂರ್ತಿ ಅಂಕ. ಉತ್ತರ ಸಿಗದ ಗುಂಪು ಎಲ್ಲೆಲ್ಲಿ ಹುಡುಕಿದೆವೆಂದು ಸರಿಯಾಗಿ ತೋರಿಸಿದರೆ ಅದಕ್ಕೂ ಪೂರ್ತಿ ಅಂಕ ಕೊಡಿ. ಹಾಗೆ ಕೊಡದಿದ್ದರೆ ಮುಂದಿನ ವರ್ಷ ಉತ್ತರವನ್ನು ಅವರೇ ಹುಟ್ಟಿಸುತ್ತಾರೆ.

ಮುಗಿದ ಮೇಲೆ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಬೇಡಿ. ಪಂಚಾಯಿತಿಯ ಅರಿವು ಕೇಂದ್ರದ ಗ್ರಂಥಪಾಲಕರನ್ನು ಕೇಳಿ ಒಂದು ಗೂಡು ಗೊತ್ತು ಮಾಡಿಕೊಂಡು, ಮೇಲೆ ಊರು, ವರ್ಷ, ಪ್ರಶ್ನೆ ಬರೆದು ಅಲ್ಲಿಡಿ. ಮುಂದಿನ ವರ್ಷದ ಗುಂಪು ಮೊದಲು ತೆರೆಯಬೇಕಾದದ್ದು ಆ ನೋಟ್‌ಬುಕ್ಕನ್ನು, ಅದರಲ್ಲೂ 'ಏನೂ ಸಿಗಲಿಲ್ಲ' ಎಂದು ಬರೆದ ಸಾಲುಗಳನ್ನು.